ಲಾಕ್ ಇರುವ ಪ್ರೊಸೆಸರ್‌ಗೆ ಓವರ್‌ಕ್ಲಾಕ್ ದುಡ್ಡು ಯಾಕೆ?

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಈಗ ಹೊಸದೊಂದು ವ್ಯಾಪಾರ ನೋಡುತ್ತಿದ್ದೇನೆ. ಆಫೀಸಿನವರು ಬಿಟ್ಟ ಹಳೇ ಕಂಪ್ಯೂಟರ್ ತಂದು, ಒಳಗೆ ಒಂದಿಷ್ಟು ಬಣ್ಣದ ಲೈಟು ಹಾಕಿ, ‘ಓವರ್‌ಕ್ಲಾಕ್ ಮಾಡಿದ್ದೀವಿ’ ಅಂತ ಕಾಲೇಜು ಹುಡುಗರಿಗೆ ಮಾರುವುದು. ಓವರ್‌ಕ್ಲಾಕ್ ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ಪಾದ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ಅದಕ್ಕೆ ಬೇರೆ ದುಡ್ಡು! ನಾನು ರಿಪೇರಿ ಕೆಲಸದವನು. ಇದರ ಬಗ್ಗೆ ನಾಲ್ಕು ಮಾತು.

ಮೊನ್ನೆ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಅಂಥದ್ದೇ ಒಂದು ಸಿಪಿಯು ಹೊತ್ತು ತಂದ. ಆನ್ ಮಾಡಿದರೆ ಒಂದೊಂದು ಸಲ ಹಾರ್ಡ್‌ಡಿಸ್ಕೇ ಕಾಣುವುದಿಲ್ಲ. ಕೆಲಸದ ನಡುವೆ ಮೌಸ್ ನಿಂತುಬಿಡುತ್ತದೆ. ‘ಅಣ್ಣಾ, ಹಾರ್ಡ್‌ಡಿಸ್ಕ್ ಹೋಯ್ತಾ?’ ಅಂದ. ಬಯೋಸ್, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಸೆಟ್ಟಿಂಗ್ ಪ್ರೋಗ್ರಾಮ್, ತೆಗೆದು ನೋಡಿದೆ. ಪ್ರೊಸೆಸರ್ ಇಂಟೆಲ್ ಐ3-2100. ಕಂಪ್ಯೂಟರಿಗೆ ಮೂಲ ತಾಳ ಹಾಕುವ ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್ ಇರಬೇಕಾದ ಕಡೆ 105 ಕೂತಿದೆ. 100ಕ್ಕೆ ಇಳಿಸಿ ಸೇವ್ ಮಾಡಿದೆ. ಹಾರ್ಡ್‌ಡಿಸ್ಕೂ ಬಂತು, ಮೌಸೂ ಓಡಿತು.

ಪ್ರೊಸೆಸರ್ ವೇಗ ಅಂದರೆ ಬೇಸ್ ಕ್ಲಾಕನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದ್ದು, ಅಷ್ಟೇ. ಈ ಚಿಪ್‌ನಲ್ಲಿ 100 ಇಂಟು 31, ಅಂದರೆ 3.1 ಗಿಗಾಹರ್ಟ್ಸ್. ಮಲ್ಟಿಪ್ಲೈಯರ್ ಆದ 31ನ್ನು ಏರಿಸದಂತೆ ಕಂಪನಿಯೇ ಬೀಗ ಹಾಕಿದೆ, ಅದೇ ಲಾಕ್. ಉಳಿದದ್ದು ಆ 100 ಒಂದೇ. ಆದರೆ ಈ ಚಿಪ್ ಸೇರಿದ 2011ರ ಸ್ಯಾಂಡಿ ಬ್ರಿಡ್ಜ್ ತಲೆಮಾರಿನಲ್ಲಿ ಹಾರ್ಡ್‌ಡಿಸ್ಕ್ ಜೋಡಿಸುವ ಸಾಟಾ, ಮೌಸ್ ಜೋಡಿಸುವ ಯುಎಸ್‌ಬಿ, ಗ್ರಾಫಿಕ್ಸ್ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಎಲ್ಲಕ್ಕೂ ಅದೇ ಕ್ಲಾಕ್. ಅದನ್ನು ಎತ್ತಿದರೆ ಎಲ್ಲವೂ ಅಲ್ಲಾಡುತ್ತವೆ. ಇಷ್ಟೆಲ್ಲ ಮಾಡಿ ಆ ಹುಡುಗನಿಗೆ ಸಿಕ್ಕಿದ್ದು 3.25 ಗಿಗಾಹರ್ಟ್ಸ್. ಗೇಮ್ ಆಡುವಾಗ ಗೊತ್ತೂ ಆಗುವುದಿಲ್ಲ.

ಹಿಂದೆ ಹೀಗಿರಲಿಲ್ಲ, ಒಪ್ಪುತ್ತೇನೆ. ಕೋರ್ 2 ಡ್ಯುಯೊ ಕಾಲದ ಪೆಂಟಿಯಂ ಇ2160 ಪ್ರೊಸೆಸರ್‌ಗೆ ಬಸ್ (ಆಗಿನ ಬೇಸ್ ಕ್ಲಾಕ್) 200ರಿಂದ 266ಕ್ಕೆ ಏರಿಸಿದರೆ 1.8 ಇದ್ದದ್ದು 2.4 ಆಗುತ್ತಿತ್ತು. ಕಾರ್ಡ್‌ಗಳು ಕೂರುವ ಪಿಸಿಐನ ಕ್ಲಾಕನ್ನು ಬೇರೆಯಾಗಿ ಹಿಡಿದಿಡುವ ಮದರ್‌ಬೋರ್ಡ್‌ಗಳು ಆಗ ಸಿಗುತ್ತಿದ್ದವು. ಆಗ ಕೈ ಪಳಗಿದವರು ಈಗಲೂ ಅದೇ ವಿದ್ಯೆ ನಡೆಸುತ್ತಿದ್ದಾರೋ ಏನೋ. ಇಂಟೆಲ್‌ನ 2015ರ ಸ್ಕೈಲೇಕ್ ತಲೆಮಾರಿನಲ್ಲೂ ಕೆಲವು ಬೋರ್ಡ್ ಕಂಪನಿಗಳು ಬಯೋಸ್ ಬದಲಿಸಿ ಲಾಕ್ ಇರುವ ಚಿಪ್‌ಗಳನ್ನು ಹೆಚ್ಚು ವೇಗದಲ್ಲಿ ಓಡಿಸಿದ್ದವು. ಮರುವರ್ಷವೇ ಇಂಟೆಲ್ ಆ ದಾರಿ ಮುಚ್ಚಿಸಿತು. ಹುಡುಗರು ನೋಡುವ ವಿಡಿಯೋಗಳಲ್ಲಿ ಇವೆಲ್ಲ ಕಲಸುಮೇಲೋಗರ.

ನಮ್ಮೂರ ಬೇಸಿಗೆಯಲ್ಲಿ ಇರುವ ವೇಗ ಉಳಿಸಿಕೊಳ್ಳುವುದೇ ಕಷ್ಟ ಅಲ್ವಾ? ಮಂಡಕ್ಕಿ ಭಟ್ಟಿ ಕಡೆಯಿಂದ ಬರುವ ಸಿಪಿಯು ಬಿಚ್ಚಿದರೆ ಪ್ರೊಸೆಸರ್ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್ ಸಂದಿಯಲ್ಲಿ ಮಸಿ, ಹೊಟ್ಟಿನ ಧೂಳು ಸೇರಿ ಕಂಬಳಿಯಂತೆ ಕೂತಿರುತ್ತದೆ. ಗಾಳಿ ಆಡದೆ ಪ್ರೊಸೆಸರ್ ಕಾದು, ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಬ್ರಷ್ ಹೊಡೆದು, ಪ್ರೊಸೆಸರ್, ಹೀಟ್‌ಸಿಂಕ್ ನಡುವಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಸಾಕು. ಓವರ್‌ಕ್ಲಾಕ್‌ಗೆ ಕೊಡುವ ದುಡ್ಡಿಗೆ ಸ್ವಲ್ಪ ಸೇರಿಸಿ ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದರೆ, ಕಂಪ್ಯೂಟರ್ ಆನ್ ಆಗುವಾಗಲೇ ವ್ಯತ್ಯಾಸ ಕಾಣುತ್ತದೆ.

ಓವರ್‌ಕ್ಲಾಕ್ ಆಸೆಯೇ ಇದ್ದರೆ ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್, ಜೊತೆಗೆ ‘ಝಡ್’ ಸರಣಿಯ ಬೋರ್ಡ್ ಬೇಕು. ಅದು ಜಾಸ್ತಿ ಖರ್ಚಿನ ಬಾಬ್ತು.

ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಬಿಲ್ಲಿನಲ್ಲಿ ಸುಮ್ನೆ ‘ಐ3’, ‘ಐ5’ ಅಂತ ಬರೆಯಬೇಡಿ. ಮುಂದಿನ ನಂಬರು, ಕೊನೆಯ ಅಕ್ಷರ, ಬೋರ್ಡಿನ ಮಾಡೆಲ್ ಪೂರ್ತಿ ಬರೆಯಿರಿ. ಹುಡುಗರೂ ಬಿಲ್ ಕೇಳಿ ತೆಗೆದುಕೊಳ್ಳಲಿ. ದುಡ್ಡು ಕೊಡುವ ಮೊದಲು ಬಯೋಸ್ ತೆರೆಸಿ ಬೇಸ್ ಕ್ಲಾಕ್ ಎಷ್ಟಿದೆ ನೋಡಲಿ.

– ಒಬ್ಬ ಕಂಪ್ಯೂಟರ್ ರಿಪೇರಿಯವನು, ದಾವಣಗೆರೆ