ಗುಂಪೆ ಗುಡ್ಡೆಗೆ ಹೊರಟವಳಿಗೆ

ನೀರ್ಚಾಲು, ಕಾಸರಗೋಡು

ಚಿ. ಪಲ್ಲವಿಗೆ ಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನೆ ಅಕ್ಕ ಫೋನು ಮಾಡಿ, "ನೀನಾದರೂ ಅವಳಿಗೆ ಬೇಡ ಅಂತ ಹೇಳು" ಎಂದಳು. ಭಾನುವಾರ ಗೈಡಿನ ಜೊತೆ ಪೊಸಡಿ ಗುಂಪೆಯ ಕಡೆ ಮೌಂಟನ್ ಬೈಕ್ ಓಡಿಸಲು ಬರುತ್ತೀಯಂತೆ. ನಾನು ಬೇಡ ಅನ್ನುವುದಿಲ್ಲ. ನನ್ನನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ತೋಡಿನ ಸಂಕದ (ಕಿರುಸೇತುವೆಯ) ಮೇಲೆ ಸೈಕಲ್ ದಾಟಿಸಿದವಳು ಇದೇ ಅಕ್ಕ. ಈಗ ಕೇಳಿದರೆ ಅವಳಿಗೆ ನೆನಪಿಲ್ಲ.

ಒಂದು ಮಾತು ಮಾತ್ರ ಕೇಳು. "ಮೊದಲು ಓಡಿಸಿ ಗೊತ್ತುಂಟಾ?" ಅಂತ ಗೈಡು ಕೇಳಿಯೇ ಕೇಳುತ್ತಾರೆ. ಗೊತ್ತಿಲ್ಲ ಅಂತಲೇ ಹೇಳು. ಬೆಂಗಳೂರಿನ ಡಾಂಬರು ರಸ್ತೆಯಲ್ಲಿ ಓಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡ.

ಹತ್ತನೇ ಕ್ಲಾಸಿನಲ್ಲಿದ್ದಾಗ ನಾನು ಗಂಟೆ ಬಾಡಿಗೆಗೆ ಸೈಕಲ್ ತಂದಿದ್ದೆ. "ಹಿಂದಿನ ಬ್ರೇಕು ಸ್ವಲ್ಪ ಸಡಿಲ, ಗುಡ್ಡೆ ಇಳಿಸಿ ಅಭ್ಯಾಸ ಉಂಟಲ್ಲ?" ಎಂದರು ಅಂಗಡಿಯವರು. ಉಂಟು ಅಂದುಬಿಟ್ಟೆ. ಗುಡ್ಡೆಯ ಮೇಲಿನ ಪದವಿನಿಂದ ಇಳಿಯುವ ತಿರುವಿನಲ್ಲಿ ಗಾಬರಿಯಾಗಿ ಮುಂದಿನ ಬ್ರೇಕು ಒತ್ತಿ ಹಿಡಿದೆ. ನೆಲದ ತುಂಬ ಉರುಟು ಮುರಕಲ್ಲಿನ ಚೂರು. ಅಂಗಳದಲ್ಲಿ ಹರಗಿದ ಅಡಿಕೆಯ ಮೇಲೆ ಕಾಲಿಟ್ಟರೆ ಹೇಗೋ ಹಾಗೆ, ಮುಂಚಕ್ರ ಅಡಿಯಿಂದಲೇ ಜಾರಿತು. ಮೊಣಕೈಯ ಆ ಕಲೆಯನ್ನು ನೀನು ಸಣ್ಣವಳಿದ್ದಾಗ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ನಿನಗೆ ಸಿಗುವುದು ಡಿಸ್ಕ್ ಬ್ರೇಕಿನ ಸೈಕಲ್ ಇರಬಹುದು. ಅದಕ್ಕೆ ಒಂದು ಬೆರಳು ಧಾರಾಳ. ಹತ್ತುವ ಮೊದಲೇ ಯಾವ ಕೈಯದು ಮುಂಚಕ್ರದ್ದು ಅಂತ ನೋಡಿಕೋ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು, ಅಮೆರಿಕದ ರೂಢಿಯಲ್ಲಿ ಎಡಗೈಯದು. ಸೈಕಲನ್ನು ತಳ್ಳಿಕೊಂಡು ಒಂದೊಂದೇ ಹಿಡಿದರೆ ತಿಳಿಯುತ್ತದೆ. ನಿಲ್ಲಿಸುವ ಬಲ ಹೆಚ್ಚಾಗಿ ಮುಂದಿನದಕ್ಕೇ. ಹಾಗಾಗಿ ತಿರುವು ಬರುವ ಮೊದಲೇ, ಚಕ್ರ ನೇರ ಇರುವಾಗಲೇ, ಎರಡನ್ನೂ ಮೆಲ್ಲ ಹಿಡಿದು ವೇಗ ಇಳಿಸು.

ಬ್ರೇಕಿನ ವಿಷಯ ಜಾಸ್ತಿ ಕೊರೆಯುತ್ತಿದ್ದೇನೆ, ಗೊತ್ತು. ಆದರೆ ಈ ಆಟದ ಬಾಲ್ಯದಲ್ಲೂ ಅದೇ ಪಾಡು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕಡೆ ಹಳೇ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸುವ ಓಟ ಶುರುವಾದಾಗ, ಹಿಂಚಕ್ರದ ನಡುವಿನ ಗುಂಭದೊಳಗಿನ (ಹಬ್) ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಇಳಿದ ಮೇಲೆ ಹೊಸದಾಗಿ ಗ್ರೀಸು ತುಂಬಬೇಕು. ಹಾಗೆ ಆ ಓಟಕ್ಕೆ 'ರಿಪ್ಯಾಕ್' ಅಂತಲೇ ಹೆಸರು ಬಿತ್ತು.

ಇಳಿಯುವಾಗ ಸೀಟು ತಗ್ಗಿಸಿ, ಎರಡೂ ಪೆಡಲು ಸಮಮಟ್ಟದಲ್ಲಿಟ್ಟು ಅವುಗಳ ಮೇಲೆ ನಿಲ್ಲು. ಮೊಣಕಾಲು, ಮೊಣಕೈ ಸಡಿಲವಿರಲಿ. ಕಲ್ಲನ್ನೇ ನೋಡಿದರೆ ಕಲ್ಲಿಗೇ ಹೋಗಿ ಹೊಡೆಯುತ್ತೀ, ಕಣ್ಣು ಮುಂದಿನ ದಾರಿಯಲ್ಲಿರಲಿ. ಈಗ ಮುಳಿಹುಲ್ಲು ಸೊಂಟದೆತ್ತರ, ಅಡಿಯ ಹೊಂಡ ಕಾಣುವುದಿಲ್ಲ. ಗೈಡಿನ ಜಾಡು ಬಿಟ್ಟು ಹುಲ್ಲಿಗೆ ನುಗ್ಗಬೇಡ. ಏರು ಬರುವ ಮೊದಲೇ ಗೇರು ಬದಲಿಸು. ಸಾಕಾಯಿತೋ, ಇಳಿದು ತಳ್ಳು. ಬಾಡಿಗೆ ಹೆಲ್ಮೆಟ್ ತಲೆಯ ಮೇಲೆ ಅಲ್ಲಾಡಿದರೆ ಬೇರೆ ಕೇಳು, ದಾಕ್ಷಿಣ್ಯ ಬೇಡ.

ಅಕ್ಕನ ಹತ್ತಿರ ನಾನು ಮಾತಾಡುತ್ತೇನೆ. ಸಂಕದ ಸಂಗತಿ ನೆನಪಿಸಿದರೆ ಸುಮ್ಮನಾಗುತ್ತಾಳೆ. ಸವಾರಿ ಮುಗಿಸಿ ಎಲ್ಲರನ್ನೂ ಮನೆಗೆ ಕರೆದುಕೊಂಡು ಬಾ. ಗೈಡು ಸೇರಿ ಎಷ್ಟು ಜನ ಅಂತ ಶುಕ್ರವಾರದೊಳಗೆ ತಿಳಿಸು, ಅಷ್ಟು ಎಳನೀರಿನ ಬೊಂಡ ಕೊಯ್ಯಿಸಿಡುತ್ತೇನೆ.

ಇತಿ,
ನಿನ್ನ ಮಾವ