ಹಾಜರಿ ಹಾಕಿದರೆ ಕಲಿತಂತಾಯಿತೇ?

ಮಾನ್ಯರೇ,

ವೈದ್ಯರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇ (ವೈದ್ಯರ ನಿರಂತರ ಕಲಿಕೆ) ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ. ಅಂದರೆ ವರ್ಷಕ್ಕೆ 6 ಗಂಟೆ. ಅದು ಸಾಲದು ಎಂಬುದಕ್ಕಿಂತ, ಆ ಗಂಟೆಗಳು ಅಳೆಯುವುದು ಬರೀ ಹಾಜರಿಯನ್ನು ಎಂಬುದೇ ನಮ್ಮ ಚಿಂತೆ.

ಮಧುಮೇಹದ ಮೆಟ್‌ಫಾರ್ಮಿನ್ ಮಾತ್ರೆಯನ್ನೇ ನೋಡಿ. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಮಹಿಳೆಯರಿಗೆ 1.4, ಪುರುಷರಿಗೆ 1.5 ಮುಟ್ಟಿದರೆ ಕೊಡಬಾರದು ಎಂಬುದು ಹಳೆಯ ಪಾಠ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಬದಲಿಸಿ, ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯುವ ಇಜಿಎಫ್‌ಆರ್ (ಮೂತ್ರಪಿಂಡ ರಕ್ತ ಸೋಸುವ ವೇಗದ ಅಂದಾಜು) ನೋಡಿ ಎಂದಿತು: 30ಕ್ಕಿಂತ ಕೆಳಗಿದ್ದರೆ ಕೂಡದು, 30ರಿಂದ 45ರ ನಡುವೆ ಹೊಸದಾಗಿ ಶುರು ಮಾಡಬಾರದು. 75 ವರ್ಷದ ಅಜ್ಜಿಯೊಬ್ಬರ ಕ್ರಿಯಾಟಿನಿನ್ 1.3 ಎಂದಿಟ್ಟುಕೊಳ್ಳಿ. ಹಳೆಯ ಪಾಠದ ಪ್ರಕಾರ ತೊಂದರೆಯಿಲ್ಲ. ಇಜಿಎಫ್‌ಆರ್ ಮಾತ್ರ ಸುಮಾರು 43 ಬರುತ್ತದೆ, ಮಾತ್ರೆ ಶುರು ಮಾಡುವಂತಿಲ್ಲ. ಹಳೆಯ ಪಾಠ ಗಟ್ಟಿಯಾಗಿ ನೆನಪಿರುವವರಿಗೆ ತಮ್ಮ ತಿಳಿವಳಿಕೆ ತಪ್ಪಿದೆ ಎಂಬ ಅನುಮಾನವೇ ಬಾರದು. ಇಷ್ಟದ ಉಪನ್ಯಾಸ ಆರಿಸಿಕೊಳ್ಳಿ ಎಂದರೆ ಅವರು ಈ ವಿಷಯದತ್ತ ಸುಳಿಯುವುದೂ ಇಲ್ಲ. ಪ್ರಶ್ನೆ ಕೇಳಿದರಷ್ಟೇ ಅದು ಬಯಲಾಗುವುದು.

ತಜ್ಞ ವೈದ್ಯರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಇಂಟರ್ನಲ್ ಮೆಡಿಸಿನ್ ಮಂಡಳಿಯಲ್ಲಿ ಮೊದಲು 10 ವರ್ಷಕ್ಕೊಮ್ಮೆ ದೊಡ್ಡ ಪರೀಕ್ಷೆ. ಅದಕ್ಕೆ ವೈದ್ಯರಿಂದಲೇ ವಿರೋಧ ಬಂತು. 2022ರಿಂದ ಇನ್ನೊಂದು ದಾರಿ ತೆರೆದಿದೆ: 3 ತಿಂಗಳಿಗೆ 30 ಪ್ರಶ್ನೆ, ಒಂದೊಂದಕ್ಕೆ 4 ನಿಮಿಷ. ಪುಸ್ತಕ ನೋಡಬಹುದು, ಇನ್ನೊಬ್ಬರನ್ನು ಕೇಳುವಂತಿಲ್ಲ. ಹೆಚ್ಚಿನ ಪ್ರಶ್ನೆಗಳಿಗೆ ಸರಿಯುತ್ತರವೂ ಅದರ ಕಾರಣವೂ ಕೂಡಲೇ ತೆರೆಯ ಮೇಲೆ ಬರುತ್ತವೆ.

ನಮ್ಮ ವೈದ್ಯಕೀಯ ಪರಿಷತ್ತುಗಳು 3 ತಿಂಗಳಿಗೆ 10 ಪ್ರಶ್ನೆಯಿಂದಲಾದರೂ ಶುರು ಮಾಡಲಿ. ಉತ್ತರದ ಜೊತೆಗೆ ‘ಎಷ್ಟು ಖಚಿತ?’ ಎಂದೂ ಕೇಳಬೇಕು. ಗೊತ್ತಿಲ್ಲ ಎಂದವರು ಪುಸ್ತಕ ತೆರೆದಾರು; ಖಚಿತವಾಗಿ ತಪ್ಪು ಹೇಳಿದವರು ಹಾಗೇ ಔಷಧ ಬರೆದುಬಿಡುತ್ತಾರೆ, ರೋಗಿಗೆ ಅಪಾಯ ಅಲ್ಲಿದೆ. ಅಂಥ ಪ್ರಶ್ನೆ ಕೆಲವು ವಾರ ಬಿಟ್ಟು, ಬೇರೆ ರೋಗಿಯ ರೂಪದಲ್ಲಿ ಮತ್ತೆ ಬರಬೇಕು. ಹಳ್ಳಿಯ ಕ್ಲಿನಿಕ್‌ನಲ್ಲಿ ಎಂದೂ ಕಾಣದ ಅಪರೂಪದ ಕಾಯಿಲೆಗಳ ಹೆಸರು ಕೇಳಿದರೆ ವೈದ್ಯರು ಬೇಸತ್ತು ಉತ್ತರ ಒತ್ತಿ ಮುಗಿಸುತ್ತಾರೆ. ಪ್ರಶ್ನೆ ಅವರು ದಿನವೂ ಬರೆಯುವ ಚೀಟಿಯಿಂದಲೇ ಹುಟ್ಟಲಿ. ಪ್ರಶ್ನೆ ಬರೆಯುವವರಿಗೆ ಔಷಧ ಕಂಪನಿಗಳ ಹಣ ತಾಕಬಾರದು. ಮೊದಲ ವರ್ಷ ಪಾಸು-ಫೇಲು ಬೇಡ, ಶುಲ್ಕವಂತೂ ಬೇಡವೇ ಬೇಡ.

– ವೈದ್ಯಕೀಯ ಬೋಧಕರು