ಆರ್‌ಡಿಯ ಸ್ಕ್ರೂ ಮುಟ್ಟುವ ಮೊದಲು

ಉಡುಪಿ

ಪ್ರೀತಿಯ ಅಳಿಯನಿಗೆ ಮಾವನ ಆಶೀರ್ವಾದಗಳು.

ನೀನು ಬೆಂಗಳೂರಿನಿಂದ ರಾಜ್‌ದೂತ್ 350 ತಂದೆ ಅಂತ ಅಕ್ಕ ಹೇಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಅದು ಯಮಹಾದ ಆರ್‌ಡಿ 350 ಬೈಕೇ, ಇಲ್ಲಿ ಅದನ್ನು ಎಸ್ಕಾರ್ಟ್ಸ್ ಕಂಪನಿಯವರು ಫರೀದಾಬಾದಿನಲ್ಲಿ ತಯಾರಿಸಿದ್ದು 1980ರ ದಶಕದ ಕೆಲವೇ ವರ್ಷ. ಆಮೇಲೆ ಬರಲೇ ಇಲ್ಲ. ಇದ್ದದ್ದನ್ನು ಉಳಿಸಿಕೊಳ್ಳಬೇಕು, ಅಷ್ಟೇ.

ಆದರೆ ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಮಂಗಳೂರಿಗೆ ಬಂದ ಮೇಲೆ ಐಡ್ಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಎಂಜಿನ್ ಓಟ) ಸ್ಥಿರವಾಗಿ ನಿಲ್ಲುವುದಿಲ್ಲ, ಕಾರ್ಬೊರೇಟರಿನ (ಗಾಳಿ, ಪೆಟ್ರೋಲ್ ಬೆರೆಸುವ ಭಾಗ) ಏರ್ ಸ್ಕ್ರೂ ಸ್ವಲ್ಪ ಬಿಚ್ಚಿದರೆ ಸರಿಯಾಗುತ್ತದೆ, ಮೈಲೇಜೂ ಬರುತ್ತದೆ ಅಂತ ಗೆಳೆಯರು ಹೇಳಿದರಂತೆ. ಬೇಡ ಮಾರಾಯ. ಈ ಪತ್ರ ಪೂರ್ತಿ ಓದುವವರೆಗೆ ಸ್ಕ್ರೂಡ್ರೈವರ್ ಡಬ್ಬದಲ್ಲೇ ಇರಲಿ.

ಏರ್ ಸ್ಕ್ರೂ ಬಿಚ್ಚಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಅಂದರೆ ಲೀನ್. ನಿನ್ನ ಗಾಡಿ ಈಗಾಗಲೇ ಆ ಕಡೆ ವಾಲಿದೆ ಅಂತ ನನಗೆ ಅನಿಸುತ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿ ತೆಳು. ಆ ಗಾಳಿಗೆ ಸರಿಯಾಗಿ ಟ್ಯೂನ್ ಮಾಡಿದ್ದರೆ, ಇಲ್ಲಿ ಕಡಲ ಮಟ್ಟದ ದಪ್ಪ ಗಾಳಿಗೆ ಅದೇ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತು) ಸಾಲುವುದಿಲ್ಲ. ಇನ್ನೊಂದು, ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್‌ನಲ್ಲಿ ಆಮ್ಲಜನಕ ಉಂಟು. ಅದೂ ಲೀನ್ ಕಡೆಗೇ ಎಳೆಯುತ್ತದೆ. ನಿನ್ನ ಗಾಡಿಯಂಥ ಟೂ ಸ್ಟ್ರೋಕ್ ಎಂಜಿನ್‌ಗೆ ಇದು ಸಣ್ಣ ವಿಷಯ ಅಲ್ಲ. ಒಳಗೆ ಬರುವ ಪೆಟ್ರೋಲ್ ಪಿಸ್ಟನ್ನನ್ನು ತಂಪೂ ಮಾಡುತ್ತದೆ. ಅದು ಕಡಿಮೆಯಾದರೆ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುವಾಗ ಹೀಗೆ ಸೀಜ್ ಆದರೆ ಹಿಂದಿನ ಚಕ್ರ ನಿಂತೇ ಬಿಡುತ್ತದೆ. ಸ್ವಲ್ಪ ಹೊಗೆ ಬರಲಿ, ಲೀಟರಿಗೆ ಎರಡು ಕಿಲೋಮೀಟರ್ ಕಡಿಮೆಯೇ ಕೊಡಲಿ. ನೀನು ಮನೆಗೆ ಬಂದು ಮುಟ್ಟುವುದು ಮುಖ್ಯ.

ಕಾರ್ಬೊರೇಟರ್ ಯಾವಾಗಲೂ ಕೊನೆಯ ಕೆಲಸ. ಮೊದಲು ಪಾಯಿಂಟ್, ಅಂದರೆ ಕಿಡಿ ಹೊಡೆಸುವ ಸ್ವಿಚ್ಚು ನೋಡು. ಆರ್‌ಡಿಯಲ್ಲಿ ಸಿಲಿಂಡರಿಗೊಂದರಂತೆ ಎರಡು ಜೊತೆ ಇವೆ, ಗ್ಯಾಪ್ 0.3ರಿಂದ 0.4 ಮಿಲಿಮೀಟರ್. ಆಮೇಲೆ ಟೈಮಿಂಗ್ (ಕಿಡಿ ಹೊಡೆಯುವ ಸಮಯ), ಏರ್ ಫಿಲ್ಟರ್. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರನ್ನು ಬಗ್ಗಿಸಿ ನೋಡು, ಹಳೆಯ ರಬ್ಬರಿನ ಬಿರುಕು ಸುಮ್ನೆ ನೋಡಿದರೆ ಕಾಣುವುದಿಲ್ಲ. ಅಲ್ಲಿ ಗಾಳಿ ಎಳೆಯುತ್ತಿದ್ದರೆ ಯಾವ ಸ್ಕ್ರೂ ತಿರುಗಿಸಿದರೂ ಐಡ್ಲಿಂಗ್ ನಿಲ್ಲುವುದಿಲ್ಲ. ನಿನ್ನ ತೊಂದರೆ ಇಲ್ಲಿಯೇ ಇದ್ದರೂ ಇರಬಹುದು.

ಇದೆಲ್ಲ ಸರಿ ಇದ್ದರೆ ಮಾತ್ರ ಕಾರ್ಬೊರೇಟರ್ ಬಿಚ್ಚು. ಜೆಟ್‌ಗೆ ತಂತಿ ಹಾಕಬೇಡ, ಹಿತ್ತಾಳೆಯ ತೂತು ದೊಡ್ಡದಾಗುತ್ತದೆ. ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಸು. ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಎತ್ತರ ಎರಡೂ ಕಾರ್ಬೊರೇಟರಿನಲ್ಲಿ ಒಂದೇ ಇರಲಿ.

ಈಗ ನಿಜವಾದ ಕೆಲಸ. ಆಕ್ಸಿಲರೇಟರ್ ಕೇಬಲ್ ಕೆಳಗೆ ಮೂರಾಗಿ ಒಡೆಯುತ್ತದೆ, ಎರಡು ಕಾರ್ಬೊರೇಟರಿಗೆ, ಒಂದು ಎಂಜಿನ್‌ಗೆ ಎಣ್ಣೆ ಕೊಡುವ ಆಯಿಲ್ ಪಂಪಿಗೆ. ಎರಡೂ ಸ್ಲೈಡ್, ಅಂದರೆ ಕಾರ್ಬೊರೇಟರಿನೊಳಗೆ ಮೇಲೆದ್ದು ಗಾಳಿಯ ದಾರಿ ತೆರೆಯುವ ತುಂಡುಗಳು, ಕಂಬಳದ ಜೋಡಿ ಕೋಣಗಳ ಹಾಗೆ ಒಟ್ಟಿಗೇ ಏಳಬೇಕು. ಒಂದು ಮೊದಲು ಎದ್ದರೆ ಆ ಸಿಲಿಂಡರ್ ಮಾತ್ರ ಎಳೆಯುತ್ತದೆ, ಇನ್ನೊಂದು ಹೊರೆಯಾಗುತ್ತದೆ. ಎಂಜಿನ್ ಬಂದ್ ಮಾಡಿ, ಏರ್ ಫಿಲ್ಟರ್ ಕಡೆಯ ಹೋಸ್ ತೆಗೆದು, ಎರಡೂ ಬಾಯಿಯೊಳಗೆ ಒಂದೊಂದು ಬೆರಳಿಟ್ಟು ಸ್ಲೈಡ್ ಮುಟ್ಟಿಕೋ. ಇನ್ನೊಬ್ಬರು ಆಕ್ಸಿಲರೇಟರನ್ನು ತುಂಬಾ ನಿಧಾನ ತಿರುಗಿಸಲಿ. ಯಾವುದು ಮೊದಲು ಅಲುಗಿತು ಅಂತ ಬೆರಳಿಗೆ ಗೊತ್ತಾಗುತ್ತದೆ. ಮೇಲಿನ ಕೇಬಲ್ ಅಡ್ಜಸ್ಟರ್‌ನಲ್ಲಿ ಅದನ್ನು ಸರಿಮಾಡು. ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿಯೂ ನೋಡು. ಅವಸರ ಬೇಡ, ಒಂದು ಇಡೀ ಸಂಜೆ ಹೋದರೂ ಹೋಗಲಿ.

ಏರ್ ಸ್ಕ್ರೂ ಮೆತ್ತಗೆ ಪೂರ್ತಿ ಒಳಗೆ ಹಾಕಿ ಅಲ್ಲಿಂದ ಒಂದೂವರೆ ಸುತ್ತು ಬಿಚ್ಚು, ಎರಡಕ್ಕೂ ಅಷ್ಟೇ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾಲು ಸುತ್ತಿನ ಲೆಕ್ಕದಲ್ಲಿ ಮಾತ್ರ ಹಿಂದೆ ಮುಂದೆ ಮಾಡು. ಐಡ್ಲಿಂಗ್ ಸ್ಕ್ರೂಗಳನ್ನು ಎರಡೂ ಸೈಲೆನ್ಸರ್ ಹಿಂದೆ ಕೈಯಿಟ್ಟು, ಹೊಡೆತ ಒಂದೇ ಥರ ಬರುವ ಹಾಗೆ ಇಡು. ಕೊನೆಗೆ ಆಯಿಲ್ ಪಂಪಿನ ಗುರುತು ಮ್ಯಾನುವಲ್‌ನಲ್ಲಿ ಹೇಳಿದ ಜಾಗದಲ್ಲೇ ಉಂಟಾ ನೋಡು. ಕೇಬಲ್ ಮುಟ್ಟಿದವರು ತುಂಬಾ ಜನ ಇದನ್ನು ಮರೆಯುತ್ತಾರೆ, ಎಣ್ಣೆ ಕಡಿಮೆಯಾಗಿ ಎಂಜಿನ್ ಹೋಗುತ್ತದೆ. ಹಿಂದಿನ ಯಜಮಾನರು ಪಂಪ್ ತೆಗೆಸಿದ್ದರೆ ಟ್ಯಾಂಕಿಗೇ ಎಣ್ಣೆ ಬೆರೆಸಬೇಕು. ಅದನ್ನು ಇವತ್ತೇ ಕೇಳಿ ತಿಳಿದುಕೋ.

ಏರ್ ಸ್ಕ್ರೂ ಕೆಲಸ ಐಡ್ಲಿಂಗ್ ಮತ್ತು ಅದರ ಸ್ವಲ್ಪ ಮೇಲಿನವರೆಗೆ ಮಾತ್ರ. ಆಕ್ಸಿಲರೇಟರ್ ನಡುವೆ ಇದ್ದಾಗ ಸ್ಲೈಡಿನ ಸೂಜಿ, ಮುಕ್ಕಾಲು ದಾಟಿದ ಮೇಲೆ ಮೈನ್ ಜೆಟ್. ಹಿಡಿಯ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗುರುತು ಹಾಕು. ಎಲ್ಲಿ ಎಳೆತ ತಪ್ಪುತ್ತದೋ ಅಲ್ಲಿನದ್ದನ್ನೇ ಸರಿಮಾಡು. ಒಂದು ಸಲಕ್ಕೆ ಒಂದೇ ಬದಲಾವಣೆ, ಬರೆದಿಟ್ಟುಕೊಂಡು.

ಆಮೇಲೆ ಸ್ಪಾರ್ಕ್ ಪ್ಲಗ್ ಬಣ್ಣ ನೋಡು. ಅರ್ಧ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ತಕ್ಷಣ ಎಂಜಿನ್ ಬಂದ್ ಮಾಡಿ ಬಿಚ್ಚಬೇಕು. ಕಂದು ಇದ್ದರೆ ಒಳ್ಳೆಯದು, ಕಪ್ಪು ಮಸಿ ಇದ್ದರೆ ರಿಚ್ (ಪೆಟ್ರೋಲ್ ಜಾಸ್ತಿ), ಬೆಳ್ಳಗಿದ್ದರೆ ಲೀನ್, ಗಾಡಿ ಮುಂದೆ ಓಡಿಸಲೇಬೇಡ. ಇದಕ್ಕೆ ಹೆದ್ದಾರಿ ಬೇಡ. ಸುರತ್ಕಲ್ ಕಡೆಯ ಎಕ್ಸ್‌ಪ್ರೆಸ್ ಬಸ್ಸುಗಳ ಎದುರು ಎಂಜಿನ್ ಬಂದ್ ಮಾಡುವುದು ಅಪಾಯ. ಬೆಳಿಗ್ಗೆ ಬೇಗ ಯಾವುದಾದರೂ ಒಳರಸ್ತೆಗೆ ಹೋಗು.

ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಕಾರ್ಬೊರೇಟರಿನ ಫ್ಲೋಟ್ ಬೌಲ್‌ನಲ್ಲಿರುವ ಪೆಟ್ರೋಲ್ ಖಾಲಿ ಮಾಡು. ಎಥನಾಲ್ ನೀರು ಎಳೆಯುತ್ತದೆ, ನಮ್ಮ ಕರಾವಳಿಯ ಹವೆಯಲ್ಲಂತೂ ಕೇಳುವುದೇ ಬೇಡ.

ಎರಡೂ ಪ್ಲಗ್‌ಗಳ ಫೋಟೋ ಕಳಿಸು, ಎಡ ಯಾವುದು ಬಲ ಯಾವುದು ಅಂತ ಬರೆದು. ಮೈನ್ ಜೆಟ್ ಮೇಲಿನ ನಂಬರನ್ನೂ ಓದಿ ಹೇಳು. ಒಂದು ಸೈಜ್ ದೊಡ್ಡದು ಬೇಕಾ ಅಂತ ಆಗ ನೋಡೋಣ. ಅಲ್ಲಿಯವರೆಗೆ ಆಕ್ಸಿಲರೇಟರ್ ಅರ್ಧ ದಾಟಿಸಬೇಡ, ಸೀಜ್ ಆದರೆ ತಕ್ಷಣ ಹಿಡಿಯಲು ಕ್ಲಚ್ ಮೇಲೆ ಎರಡು ಬೆರಳು ಇರಲಿ.

ಅಕ್ಕ ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇತಿ,
ನಿನ್ನ ಮಾವ